ಸೂತಕವೂ ದೇವಾಲಯದ ಬಾಗಿಲೂ



ಮನೆಯಲ್ಲಿ ಮರಣ ಸಂಭವಿಸಿದ ಮೇಲೆ ದೇವಾಲಯಕ್ಕೆ ಯಾವಾಗ ಹೋಗಬಹುದು ಎಂಬ ಪ್ರಶ್ನೆಯನ್ನು ಬೀದರ ನಗರದಲ್ಲಿ ಹತ್ತು ಜನರನ್ನು ಕೇಳಿದರೆ ಹತ್ತು ಬಗೆಯ ಉತ್ತರಗಳು ದೊರೆಯುವುವು. ಹತ್ತು ದಿನ ಕಳೆದರೆ ಸಾಕೆಂದು ಒಬ್ಬರು. ಹದಿಮೂರನೆಯ ದಿನದ ಊಟವಾಗಬೇಕೆಂದು ಇನ್ನೊಬ್ಬರು. ವರ್ಷಾಂತಿಕ ಮುಗಿಯುವವರೆಗೆ ಗುಡಿಯ ಹೊಸ್ತಿಲನ್ನು ದಾಟಲಾಗದೆಂದು ಮತ್ತೊಬ್ಬರು. ಗುಡ್ಡದ ಮೇಲಣ ದೇವರಿಗೆ ಮಾತ್ರ ವರ್ಷ, ಬಯಲಿನ ದೇವರಿಗೆ ಅಡ್ಡಿಯಿಲ್ಲವೆಂದು ಬೇರೊಬ್ಬರು. ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಭಾಲ್ಕಿಯ ಒಬ್ಬ ಲಿಂಗಾಯತ ಗೃಹಸ್ಥರ ಬಳಿಗೆ ಹೋದರೆ, ಸೂತಕವೆಂಬುದೇ ನಮಗಿಲ್ಲ, ಹೋಗುವ ಪ್ರಶ್ನೆ ಎಲ್ಲಿಂದ ಬಂತು ಎಂದು ಅವರು ನಗಲೂಬಹುದು. ಔರಾದಿನ ಕಡೆಯ ಮರಾಠಾ ಮನೆತನದ ಹಿರಿಯರಾದರೆ, ದಶಮ ದಿನ ಮಾಂಜ್ರಾ ನದಿಯ ದಡದಲ್ಲಿ ಕಾಗೆ ಪಿಂಡವನ್ನು ಮುಟ್ಟಿತೋ ಇಲ್ಲವೋ ಎಂಬುದನ್ನು ಮೊದಲು ವಿಚಾರಿಸುವರು. ಇಷ್ಟು ಮತಗಳು ಒಂದೇ ಜಿಲ್ಲೆಯೊಳಗೆ ಹೇಗೆ ಸೇರಿಕೊಂಡವು, ಇವುಗಳಲ್ಲಿ ಗ್ರಂಥದ ಮಾತು ಯಾವುದು, ರೂಢಿಯ ಮಾತು ಯಾವುದು, ಎಂಬುದನ್ನು ಈ ಹೊತ್ತು ನನಗೆ ತಿಳಿದಮಟ್ಟಿಗೆ ವಿವರಿಸಬೇಕೆಂದಿದ್ದೇನೆ.

ಮೊದಲಿಗೆ ಒಂದು ಸಂಗತಿ. ಈ ವಿಷಯದಲ್ಲಿ ಭರತಖಂಡದ ಬಹುಭಾಗವು ಪ್ರಮಾಣವೆಂದು ಒಪ್ಪಿದ ಗ್ರಂಥವು ಕಾಶಿಯಲ್ಲಿಯೂ ಹುಟ್ಟಲಿಲ್ಲ, ಕಂಚಿಯಲ್ಲಿಯೂ ಹುಟ್ಟಲಿಲ್ಲ. ನಮ್ಮ ಜಿಲ್ಲೆಯ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ಹುಟ್ಟಿತು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು 1076 ರಿಂದ 1126 ರವರೆಗೆ ಆಳಿದನಷ್ಟೆ. ಅವನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರಾ. ಗ್ರಂಥದ ಕೊನೆಯಲ್ಲಿ ಅವನು ಕಲ್ಯಾಣಪುರವನ್ನೂ ಅದರ ಅರಸನನ್ನೂ ಮನಸಾರೆ ಹೊಗಳಿದ್ದಾನೆ. ಇಂಗ್ಲಿಷ್ ವಿದ್ಯಾಭ್ಯಾಸ ಪಡೆದ ನಮ್ಮಂಥವರಿಗೆ ಮಿತಾಕ್ಷರಾ ಎಂದೊಡನೆ ಆಸ್ತಿಯ ಪಾಲು, ಕೋರ್ಟು, ವಕೀಲರು ನೆನಪಾಗುತ್ತಾರೆ. ಅದಕ್ಕೆ ಕಾರಣವುಂಟು. 1810 ರಲ್ಲಿ ಕೋಲ್‌ಬ್ರೂಕನು ಇಂಗ್ಲಿಷಿಗೆ ತಂದುದು ದಾಯವಿಭಾಗದ ಪ್ರಕರಣವನ್ನು. ನ್ಯಾಯಾಲಯಗಳಿಗೆ ಬೇಕಾದುದೂ ಅಷ್ಟೆ. ಆದರೆ ಅದೇ ಗ್ರಂಥದ ಮೂರನೆಯ ಭಾಗವಾದ ಪ್ರಾಯಶ್ಚಿತ್ತಾಧ್ಯಾಯವು ತೊಡಗುವುದೇ ಆಶೌಚ ಪ್ರಕರಣದಿಂದ. ಸತ್ತವನ ಆಸ್ತಿ ಯಾರಿಗೆ ಸೇರಬೇಕೆಂದು ಹೇಳಿದ ಪಂಡಿತನೇ ಸತ್ತವನ ಸೂತಕ ಯಾರಿಗೆ ಸೇರಬೇಕೆಂಬುದನ್ನೂ ಹೇಳಿದ್ದಾನೆ. ಮೊದಲಿನದನ್ನು ನಾವು ಅಚ್ಚುಕಟ್ಟಾಗಿ ಬಲ್ಲೆವು. ಎರಡನೆಯದನ್ನು ನೆರೆಮನೆಯ ಅಜ್ಜಿಗೆ ಬಿಟ್ಟಿದ್ದೇವೆ.

ಈ ಎರಡಕ್ಕೂ ಮೂಲವಾದ ಶಬ್ದ ಸಪಿಂಡ ಎಂಬುದು. ಪಿಂಡವೆಂದರೆ ಶ್ರಾದ್ಧದಲ್ಲಿ ಇಡುವ ಅನ್ನದ ಉಂಡೆಯೆಂದೇ ಕೆಲವರು ಅರ್ಥಮಾಡಿದರು. ವಿಜ್ಞಾನೇಶ್ವರನು ಹಾಗೆ ಮಾಡಲಿಲ್ಲ. ಪಿಂಡವೆಂದರೆ ದೇಹ, ಒಂದೇ ದೇಹದ ಅಂಶಗಳು ಯಾರು ಯಾರಲ್ಲಿ ಹರಿದುಬಂದಿವೆಯೋ ಅವರೆಲ್ಲ ಸಪಿಂಡರು ಎಂದನು. ತಂದೆಯ ಕಡೆಯಿಂದ ಏಳನೆಯ ತಲೆಯವರೆಗೆ ಈ ಸಂಬಂಧ ನಿಲ್ಲುತ್ತದೆ. ಏಳು ತಲೆಯೊಳಗೆ ಯಾರು ಸತ್ತರೂ ಉಳಿದವರಿಗೆ ಹತ್ತು ದಿನಗಳ ಆಶೌಚ. ಅದರಾಚೆಯ ಸಮಾನೋದಕರಿಗೆ ಮೂರು ದಿನ. ಆಶೌಚವಿರುವವನು ದಾನ ಕೊಡಲಾಗದು, ಕೊಳ್ಳಲಾಗದು, ದೇವಪೂಜೆ ಹೋಮಗಳನ್ನು ತಾನು ಮಾಡಲಾಗದು, ವೇದಾಧ್ಯಯನ ಸಲ್ಲದು. ದೇವಾಲಯ ಪ್ರವೇಶದ ತಡೆಯು ಈ ಸಾಲಿನಲ್ಲಿ ಬರತಕ್ಕದ್ದು. ಹತ್ತು ದಿನಗಳು ಕಳೆದು ಹನ್ನೊಂದನೆಯ ದಿನದ ಸ್ನಾನವಾದ ಬಳಿಕ ಆಶೌಚವು ಮುಗಿಯಿತು.

ಹತ್ತು ದಿನವೆಂದು ನಾನು ಸುಲಭವಾಗಿ ಹೇಳಿಬಿಟ್ಟೆ. ಮನುಸ್ಮೃತಿಯನ್ನು ತೆರೆದರೆ ಬ್ರಾಹ್ಮಣನಿಗೆ 10, ಕ್ಷತ್ರಿಯನಿಗೆ 12, ವೈಶ್ಯನಿಗೆ 15, ಶೂದ್ರನಿಗೆ 30 ದಿನಗಳೆಂದು ಲೆಕ್ಕವಿದೆ. ದುಡಿಯದಿದ್ದರೆ ಉಣ್ಣಲಾಗದವನಿಗೆ ತಿಂಗಳ ಸೂತಕವನ್ನು ವಿಧಿಸಿದ ಈ ಗಣಿತವು ನನಗೆ ಎಂದೂ ರುಚಿಸಿಲ್ಲ. ಪುರಾತನರಲ್ಲಿಯೂ ಎಲ್ಲರಿಗೆ ರುಚಿಸಿರಲಿಲ್ಲವೆಂದು ತೋರುತ್ತದೆ. ಎಲ್ಲ ವರ್ಣಗಳಿಗೂ ಹತ್ತೇ ದಿನವೆಂದು ಹೇಳುವ ಅಂಗಿರಸನ ಮತವನ್ನು ವಿಜ್ಞಾನೇಶ್ವರನು ಎತ್ತಿಕೊಳ್ಳುತ್ತಾನೆ. ಒಂದಕ್ಕೊಂದು ಹೊಂದದ ಹಲವು ವಚನಗಳನ್ನು ಮುಂದಿಟ್ಟು, ಜನರ ಆಚರಣೆಯಲ್ಲಿ ಇಲ್ಲದ ಇವುಗಳಿಗೆಲ್ಲ ವ್ಯವಸ್ಥೆ ಕಟ್ಟುತ್ತ ಕೂಡುವುದು ನಿಷ್ಫಲವೆಂದು ಕೈಬಿಡುತ್ತಾನೆ. ಅಷ್ಟು ದೊಡ್ಡ ಶಾಸ್ತ್ರಜ್ಞನು ಲೋಕದ ನಡೆಯನ್ನು ಕಂಡು ಲೇಖನಿಯನ್ನು ಕೆಳಗಿಟ್ಟನಲ್ಲ, ಅದು ನನಗೆ ಬಹಳ ಮೆಚ್ಚಿಗೆಯಾದ ಸ್ಥಳ. ನಮ್ಮ ಹಳ್ಳಿಗಳಲ್ಲಿ ಇಂದು ನಡೆಯುವುದೂ ಸಾಮಾನ್ಯವಾಗಿ ಹತ್ತು ದಿನದ ಲೆಕ್ಕವೇ.

ಏಳು ತಲೆಯ ಲೆಕ್ಕವು ಪುಸ್ತಕದಲ್ಲಿ ಓದುವಾಗ ಹಗುರಾಗಿ ಕಾಣುತ್ತದೆ. ಭಾಲ್ಕಿ, ಔರಾದ ತಾಲ್ಲೂಕುಗಳ ಹಳ್ಳಿಗಳಲ್ಲಿ ಒಂದು ಓಣಿಯೇ ಒಂದು ಮನೆತನವಾಗಿರುವುದುಂಟು. ಅಲ್ಲಿ ಒಂದು ಮನೆಯ ಮುದುಕನು ತೀರಿಕೊಂಡರೆ ಇಪ್ಪತ್ತು ಮನೆಗಳ ದೇವರ ಕೋಣೆಗೆ ಕದ ಬೀಳುತ್ತದೆ. ಜಾತ್ರೆ ಸಮೀಪಿಸಿದ್ದರಂತೂ ಕಷ್ಟ. ಔರಾದಿನ ಅಮರೇಶ್ವರನ ಜಾತ್ರೆಯಾಗಲಿ, ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಯಾಗಲಿ ಎದುರಿಗಿರುವಾಗ, ಹರಕೆ ಹೊತ್ತವರು ಬೆರಳು ಮಡಿಸಿ ತಲೆಮಾರುಗಳನ್ನು ಎಣಿಸುತ್ತ ಕೂಡುವರು. ಆರನೆಯದೋ ಎಂಟನೆಯದೋ ಎಂಬ ಒಂದು ಬೆರಳಿನ ಮೇಲೆ ಆ ವರ್ಷದ ಹರಕೆ ನಿಂತಿರುತ್ತದೆ. ಇಂಥ ಇಕ್ಕಟ್ಟನ್ನು ಸ್ಮೃತಿಕಾರರೂ ಬಲ್ಲವರಾಗಿದ್ದರು. ಆರಂಭಿಸಿಬಿಟ್ಟ ವ್ರತಕ್ಕೆ, ಯಜ್ಞಕ್ಕೆ, ಮದುವೆಗೆ ನಡುವೆ ಬಂದ ಸೂತಕವು ತಡೆಯಾಗದು. ರಾಜನಿಗೆ ರಾಜಕಾರ್ಯದಲ್ಲಿ, ವೈದ್ಯನಿಗೆ ಚಿಕಿತ್ಸೆಯಲ್ಲಿ, ಶಿಲ್ಪಿಗೆ ಕೆಲಸದಲ್ಲಿ ಆಶೌಚವು ಆ ಕ್ಷಣವೇ ಕಳೆಯುತ್ತದೆ. ಒಂದು ಸೂತಕ ನಡೆದಿರುವಾಗ ಇನ್ನೊಂದು ಮರಣವಾದರೆ ಸಾಮಾನ್ಯವಾಗಿ ಮೊದಲಿನದರೊಡನೆಯೇ ಎರಡನೆಯದೂ ಮುಗಿಯುವುದು.

ದೂರದ ಊರಿನ ಮರಣದ ವಿಷಯದಲ್ಲಿಯೂ ನಿಯಮವಿದೆ. ಹತ್ತು ದಿನದೊಳಗೆ ಸುದ್ದಿ ತಿಳಿದರೆ ಉಳಿದಷ್ಟು ದಿನ. ಹತ್ತು ಕಳೆದ ಮೇಲೆ ತಿಳಿದರೆ ಮೂರು ರಾತ್ರಿ. ವರ್ಷ ಕಳೆದ ಮೇಲಾದರೆ ಬರಿಯ ಸ್ನಾನ. ಕಾಗದವು ಎತ್ತಿನ ಬಂಡಿಯಲ್ಲಿ ಬರುತ್ತಿದ್ದ ಕಾಲಕ್ಕೆ ಈ ನಿಯಮ ಬಹು ಬೇಕಾಗಿತ್ತು. ಕೈಯಲ್ಲಿಯೇ ದೂರವಾಣಿ ಇರುವಾಗ ಇದಕ್ಕೆ ಕೆಲಸವಿಲ್ಲವೆಂದು ಭಾವಿಸಿದ್ದೆವು. ಆದರೆ 2020 ಮತ್ತು 2021 ರ ಮಹಾಮಾರಿಯಲ್ಲಿ ಸುದ್ದಿ ಕ್ಷಣದಲ್ಲಿ ಬಂದರೂ ಮಕ್ಕಳು ಬರಲಾರದೆ ಹೋದರು. ಸುದ್ದಿಯ ದೂರವನ್ನು ಶಾಸ್ತ್ರ ಎಣಿಸಿತ್ತು. ಬಾಗಿಲಲ್ಲಿ ನಿಂತು ಒಳಗೆ ಹೋಗಲಾರದ ದೂರವನ್ನು ಎಣಿಸಿರಲಿಲ್ಲ.

ಸೂತಕವೆಂಬುದು ನಿಜವಾಗಿ ಸೋಂಕನ್ನು ತಡೆಯುವ ಉಪಾಯ, ನಮ್ಮ ಹಿರಿಯರು ಆರೋಗ್ಯಶಾಸ್ತ್ರವನ್ನೇ ಧರ್ಮವೆಂದು ಹೇಳಿದರು, ಎಂಬ ಮಾತು ವಿದ್ಯಾವಂತರಲ್ಲಿ ಬಹಳ ಪ್ರಚಾರದಲ್ಲಿದೆ. ಕೇಳುವುದಕ್ಕೆ ಹಿತವಾಗಿದೆ, ಆದರೆ ನಿಲ್ಲುವುದಿಲ್ಲ. ಪುಣೆಯಲ್ಲಿದ್ದು ಶವವನ್ನು ಕಣ್ಣಿನಿಂದಲೂ ಕಾಣದ ಏಳನೆಯ ತಲೆಯ ದಾಯಾದಿಗೆ ಹತ್ತು ದಿನ. ಸಂಬಂಧಿಕನಲ್ಲದೆ, ಸ್ನೇಹಕ್ಕಾಗಿ ಹೆಗಲು ಕೊಟ್ಟು ಶವವನ್ನು ಹೊತ್ತವನು ಆ ಮನೆಯಲ್ಲಿ ಉಣ್ಣದೆ, ತಂಗದೆ ಬಂದರೆ ಅವನಿಗೆ ಮನುವಿನ ಪ್ರಕಾರ ಒಂದೇ ದಿನ. ಉಂಡರೆ ಹತ್ತು ದಿನ. ಸೋಂಕಿನ ಲೆಕ್ಕವಾಗಿದ್ದರೆ ಇದು ತಲೆಕೆಳಗಾಗಬೇಕಾಗಿತ್ತು. ಆಶೌಚವು ರೋಗದ ಹಿಂದೆ ಹೋಗುವುದಲ್ಲ, ರಕ್ತಸಂಬಂಧದ ಹಿಂದೆಯೂ ಅನ್ನದ ಹಿಂದೆಯೂ ಹೋಗುವುದು. ಒಂದೇ ದೇಹದ ಒಂದು ಭಾಗ ಕಳಚಿಬಿದ್ದಿತು, ಉಳಿದ ಭಾಗಗಳು ಅದರಿಂದ ಪೂರ್ತಿ ಬಿಡಿಸಿಕೊಳ್ಳುವವರೆಗೆ ಲೋಕದ ವ್ಯವಹಾರಕ್ಕೂ ದೇವರ ವ್ಯವಹಾರಕ್ಕೂ ಹೊರಗೆ ನಿಲ್ಲುತ್ತವೆ, ಎಂಬುದೇ ಒಳಗಿನ ಭಾವನೆ. ಹೊರದೇಶಗಳಲ್ಲಿಯೂ ಇದನ್ನು ಹೋಲುವ ಆಚಾರಗಳುಂಟು. ಪ್ರಾಚೀನ ಗ್ರೀಕರು ಸಾವಾದ ಮನೆಯ ಬಾಗಿಲಲ್ಲಿ ಬೇರೆ ಮನೆಯಿಂದ ತಂದ ನೀರಿನ ಪಾತ್ರೆಯನ್ನು ಇರಿಸುತ್ತಿದ್ದರು. ಬಂದುಹೋಗುವವರು ಪ್ರೋಕ್ಷಣೆ ಮಾಡಿಕೊಂಡು ಹೊರಡುತ್ತಿದ್ದರು.

ಸೂತಕವು ದುಃಖದ ಅಳತೆಯೂ ಅಲ್ಲ. ಇದನ್ನು ನಾವು ಮರೆಯುತ್ತೇವೆ. ಹಲ್ಲು ಮೂಡದ ಕೂಸು ಸತ್ತರೆ ಬಂಧುಗಳಿಗೆ ಆಗಲೇ ಶುದ್ಧಿ. ಚೌಲಕ್ಕೆ ಮೊದಲಾದರೆ ಒಂದು ರಾತ್ರಿ. ಉಪನಯನಕ್ಕೆ ಮೊದಲಾದರೆ ಮೂರು ರಾತ್ರಿ. ಮುಖವನ್ನೇ ಕಾಣದ ದಾಯಾದಿಗಾಗಿ ಹತ್ತು ದಿನ ಕೂಡುವ ಮನೆಯು ತೊಟ್ಟಿಲು ಬರಿದಾದ ದಿನ ಮಿಂದು ಎದ್ದುಬಿಡಬಹುದು. ಮದುವೆಯಾದ ಮಗಳಿಗೆ ತಂದೆತಾಯಿಗಳ ಮರಣದಲ್ಲಿ ಮೂರು ದಿನ ಮಾತ್ರ. ಅವಳು ಬೇರೆ ಗೋತ್ರಕ್ಕೆ ಹೋದವಳು. 1956 ರ ಹಿಂದೂ ಉತ್ತರಾಧಿಕಾರ ಕಾನೂನಿಗೆ 2005 ರಲ್ಲಿ ಆದ ತಿದ್ದುಪಡಿಯಿಂದ ಮಗಳು ಮಗನಂತೆಯೇ ಹುಟ್ಟಿನಿಂದ ದಾಯಭಾಗಿಯಾದಳು. ಆಸ್ತಿಯ ಮಿತಾಕ್ಷರಾ ತಿದ್ದಿತು. ಸೂತಕದ ಮಿತಾಕ್ಷರಾ ತಿದ್ದಲಿಲ್ಲ. ನಾಲ್ಕನೆಯ ದಿನ ಮಿಂದು ಗಂಡನ ಮನೆಯ ದೇವರಿಗೆ ದೀಪ ಹಚ್ಚಬೇಕಾದ ಹೆಣ್ಣುಮಗಳಿಗೆ ಆ ಶುದ್ಧಿಯು ಬೇಕಾಗಿತ್ತೇ ಎಂದು ಯಾರೂ ಕೇಳಿದಂತಿಲ್ಲ.

ಇನ್ನು ವರ್ಷದ ಮಾತು. ಇದು ಆಶೌಚಕ್ಕೆ ಸೇರಿದುದಲ್ಲ. ಬೇರೆ ಕಡೆಯಿಂದ ಬಂದುದು. ಸತ್ತ ಜೀವವು ಒಂದು ವರ್ಷಕಾಲ ಪ್ರೇತವಾಗಿದ್ದು, ಮಾಸಿಕ ಮೊದಲಾದ ಹದಿನಾರು ಶ್ರಾದ್ಧಗಳನ್ನು ಪಡೆದು, ವರ್ಷಾಂತ್ಯದಲ್ಲಿ ಸಪಿಂಡೀಕರಣದಿಂದ ತಂದೆ, ಅಜ್ಜ, ಮುತ್ತಜ್ಜರ ಪಂಕ್ತಿಗೆ ಸೇರುವುದೆಂದು ಹಳೆಯ ಕಲ್ಪನೆ. ಆ ವರೆಗೆ ಮಗನು ಅದರ ಸೇವೆಯಲ್ಲಿರತಕ್ಕವನು. ಆದುದರಿಂದ ಮಾತಾಪಿತೃಗಳ ಮರಣವಾದ ಮೊದಲ ವರ್ಷದಲ್ಲಿ ತೀರ್ಥಯಾತ್ರೆ, ಕಾಮ್ಯಕರ್ಮ, ಮಂಗಳಕಾರ್ಯಗಳನ್ನು ಬಿಡಬೇಕೆಂದು ನಿಬಂಧಕಾರರು ಬರೆದರು. 1612 ರಲ್ಲಿ ಕಮಲಾಕರ ಭಟ್ಟನು ಬರೆದ ನಿರ್ಣಯಸಿಂಧು, 1790 ರ ಸುಮಾರಿಗೆ ಪಂಢರಪುರದ ಕಾಶೀನಾಥ ಉಪಾಧ್ಯಾಯನು ಬರೆದ ಧರ್ಮಸಿಂಧು ಇವೆರಡೂ ನಮ್ಮ ಕಡೆಯ ಪುರೋಹಿತರ ಕೈಪಿಡಿಗಳು. ಹೆಂಡತಿಗೆ ಪತಿಯೇ ಗುರುವೆಂದು ಎಣಿಸಿದುದರಿಂದ ವಿಧವೆಯೂ ಈ ವರ್ಷದ ನಿಯಮದೊಳಗೆ ಬಂದಳು. ಬಾಳು ಅನಿತ್ಯ, ವರ್ಷದವರೆಗೆ ಕರ್ತೃವೇ ಇರುವನೋ ಇಲ್ಲವೋ ಎಂದು ಸಪಿಂಡೀಕರಣವನ್ನು ಹನ್ನೆರಡನೆಯ ದಿನಕ್ಕೆ ಎಳೆದುಕೊಂಡುದು ಮುಂದಿನ ಏರ್ಪಾಡು. ಈಗ ಬಹುಮಟ್ಟಿಗೆ ಎಲ್ಲೆಡೆಯೂ ಹಾಗೆಯೇ ನಡೆಯುತ್ತದೆ. ಕಾರಣವು ಹನ್ನೆರಡನೆಯ ದಿನಕ್ಕೆ ಬಂದಿತು. ಅದರಿಂದ ಹುಟ್ಟಿದ ನಿಷೇಧವು ಮಾತ್ರ ವರ್ಷದಲ್ಲಿಯೇ ಉಳಿದುಕೊಂಡಿತು.

ಆ ನಿಷೇಧವಾದರೂ ಯಾವುದಕ್ಕೆ? ಶಾಸ್ತ್ರವು ಕರ್ಮಗಳನ್ನು ನಿತ್ಯ, ನೈಮಿತ್ತಿಕ, ಕಾಮ್ಯವೆಂದು ವಿಂಗಡಿಸುತ್ತದೆ. ವರ ಬೇಡಿ ಮಾಡುವುದು ಕಾಮ್ಯ, ಅದು ನಿಲ್ಲಬೇಕು. ದಿನನಿತ್ಯದ ಸಂಧ್ಯೆ, ಮನೆಯ ದೇವರ ಪೂಜೆ ಇವು ನಿತ್ಯ. ಹನ್ನೊಂದನೆಯ ದಿನದ ಮೇಲೆ ಇವನ್ನು ಬಿಟ್ಟರೇ ದೋಷ. ಊರೊಳಗಿನ ಗುಡಿಗೆ ಹೋಗಿ ಕೈಮುಗಿದು ಬರುವುದು ಇವೆರಡರಲ್ಲಿ ಯಾವುದಕ್ಕೆ ಹತ್ತಿರವೆಂಬುದನ್ನು ಹೋಗುವವರ ಮನಸ್ಸೇ ಹೇಳಬೇಕು. ಗುಡ್ಡದ ದೇವರಿಗೆ ವರ್ಷ ಹೋಗಬಾರದೆಂಬ ರೂಢಿಯು ತೆಲುಗು ಸೀಮೆಯಲ್ಲಿ ಬಲವಾಗಿದೆ. ಬೀದರ, ಔರಾದಗಳು ಆ ಸೀಮೆಗೆ ತಾಗಿಕೊಂಡಿವೆ. 1956 ರವರೆಗೆ ಹೈದರಾಬಾದ ಸಂಸ್ಥಾನದಲ್ಲಿಯೇ ಒಂದಾಗಿದ್ದವು. ಆಚಾರಗಳೂ ಗಡಿಯನ್ನು ಕೇಳದೆ ಓಡಾಡಿದವು.

ಇಲ್ಲಿ ನನ್ನ ಮನೆಯ ಮಾತೊಂದನ್ನು ಹೇಳುವುದಕ್ಕೆ ಶ್ರೋತೃಗಳು ಅನುಮತಿ ಕೊಡಬೇಕು. ನಮ್ಮ ತಾಯಿಯವರು ಅನೇಕ ವರ್ಷಗಳಿಂದ ಸೋಮವಾರಗಳಲ್ಲಿ ಬೀದರದ ಪಾಪನಾಶ ಶಿವಾಲಯಕ್ಕೆ ಹೋಗಿಬರುತ್ತಿದ್ದರು. ಏನನ್ನೂ ಬೇಡುತ್ತಿರಲಿಲ್ಲ, ಕೇಳಿದರೆ, ಬೇಡುವುದಕ್ಕೆ ನೆನಪಾಗುವುದಿಲ್ಲವೆನ್ನುತ್ತಿದ್ದರು. ತಂದೆಯವರು ತೀರಿಕೊಂಡ ಮೇಲೆ, ಹದಿಮೂರನೆಯ ದಿನ, ಬಂಧುವರ್ಗದ ಹಿರಿಯರೊಬ್ಬರು ಇನ್ನು ವರ್ಷವಿಡೀ ಗುಡಿಯ ಕಡೆ ಸುಳಿಯಬಾರದೆಂದರು. ತಾಯಿಯವರು ನನ್ನ ಮುಖ ನೋಡಿದರು. ಕಾಲೇಜಿನಲ್ಲಿ ಪಾಠ ಹೇಳುವ ಮಗನು ಬಲ್ಲನೆಂದು ಅವರ ನಂಬಿಕೆ. ನನಗೆ ಏನೂ ತಿಳಿದಿರಲಿಲ್ಲ. ಒಂದು ವರ್ಷ ತಾನೆ, ಹಿರಿಯರು ಹೇಳಿದಂತೆ ಆಗಲಿ ಎಂದೆನು. ಅವರು ಮರುಮಾತಾಡಲಿಲ್ಲ. ಸೋಮವಾರಗಳಲ್ಲಿ ಸಂಜೆ ಅಂಗಳದಲ್ಲಿ ಆ ದಿಕ್ಕಿಗೆ ಮುಖಮಾಡಿ ಕುಳಿತಿರುತ್ತಿದ್ದರು. ಹತ್ತನೆಯ ತಿಂಗಳಲ್ಲಿ ತೀರಿಕೊಂಡರು.

ಆ ಹತ್ತು ದಿನಗಳಲ್ಲಿ ನಾನು ಮಿತಾಕ್ಷರೆಯನ್ನು ತೆರೆದೆನು. ಸೂತಕದಲ್ಲಿ ವೇದವನ್ನು ಓದಬಾರದೆಂಬುದುಂಟು. ಸ್ಮೃತಿಯನ್ನು ಓದಬಾರದೆಂದು ಯಾರೂ ತಡೆಯಲಿಲ್ಲ. ಮೇಲೆ ನಿಮಗೆ ಹೇಳಿದುದರ ಹೆಚ್ಚಿನ ಭಾಗವು ಆಗ ಓದಿದುದೇ.

ಲಿಂಗಾಯತರ ಮಾತನ್ನು ಹೇಳದಿದ್ದರೆ ಬೀದರಿನಲ್ಲಿ ಈ ವಿಷಯ ಅರ್ಧವಾದಂತೆ. ವಿಜ್ಞಾನೇಶ್ವರನು ಸೂತಕಪ್ರಕರಣವನ್ನು ಬರೆದ ಅದೇ ಕಲ್ಯಾಣದಲ್ಲಿ, ಅದೇ ಹನ್ನೆರಡನೆಯ ಶತಮಾನದಲ್ಲಿ, ಬಸವಣ್ಣನವರೂ ಇತರ ಶರಣರೂ ಸೂತಕವನ್ನೇ ನಿರಾಕರಿಸಿದರು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳೂ ಲಿಂಗವಂತನಿಗಿಲ್ಲ. ಒಂದು ಊರು ಒಂದೇ ಪ್ರಶ್ನೆಗೆ ಇಷ್ಟು ವಿರುದ್ಧವಾದ ಎರಡು ಉತ್ತರಗಳನ್ನು ಐವತ್ತು ಅರವತ್ತು ವರ್ಷಗಳ ಅಂತರದಲ್ಲಿ ಕೊಟ್ಟುದು ಇತಿಹಾಸದಲ್ಲಿ ಅಪೂರ್ವವೇ ಸರಿ. ಶರಣರ ತರ್ಕವು ಸರಳವಾದುದು. ಇಷ್ಟಲಿಂಗವು ಮೈಮೇಲೆಯೇ ಇದೆ. ಹೆಣದ ಬಳಿ ಕುಳಿತವನ ಎದೆಯ ಮೇಲೂ ಇದೆ, ಹೆಣದ ಮೇಲೂ ಇದೆ. ದೇವರು ಗುಡಿಯಲ್ಲಿದ್ದರಲ್ಲವೆ ಒಳಹೊರಗಿನ ಮಾತು? ಅವರಲ್ಲಿ ಶವವನ್ನು ಸುಡುವುದಿಲ್ಲ. ಕೂತ ಭಂಗಿಯಲ್ಲಿ, ಅಂಗೈಯಲ್ಲಿ ಲಿಂಗವನ್ನಿಟ್ಟು, ವಿಭೂತಿ ಧರಿಸಿ ಸಮಾಧಿ ಮಾಡುವರು. ಸತ್ತನೆನ್ನದೆ ಲಿಂಗೈಕ್ಯನಾದನೆನ್ನುವರು. ಅಂದಿನ ಲಿಂಗಪೂಜೆಯನ್ನೂ ಬಿಡತಕ್ಕದ್ದಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು, ನಿಜಾಮರ ಆಳಿಕೆಯಲ್ಲಿ ಹೊರಗೆ ಉರ್ದು ಫಲಕವಿಟ್ಟು ಒಳಗೆ ಕನ್ನಡ ಕಲಿಸಿದ ಮಹಾನುಭಾವರು, 1999 ರಲ್ಲಿ ಲಿಂಗೈಕ್ಯರಾಗುವವರೆಗೂ ಈ ಸೀಮೆಯಲ್ಲಿ ಶರಣರ ನಡೆಯನ್ನೇ ಬೋಧಿಸಿದರು. ಹಾಗಿದ್ದರೂ ಅಕ್ಕಪಕ್ಕದವರ ಸಹವಾಸದಿಂದ ಮೂರು ದಿನ, ಐದು ದಿನ ಗುಡಿಗೆ ಹೋಗದೆ ಉಳಿಯುವ ಲಿಂಗಾಯತ ಮನೆಗಳನ್ನು ನಾನು ಕಂಡಿದ್ದೇನೆ. ನೆರೆಮನೆಯ ಅಜ್ಜಿಯ ಅಧಿಕಾರವು ಅಲ್ಲಿಯೂ ನಡೆಯುತ್ತದೆ.

ಬೀದರದ ಮುಸಲ್ಮಾನ ನೆರೆಯವರಲ್ಲಿ ಮೂರನೆಯ ದಿನದ ಜಿಯಾರತ್, ನಲವತ್ತನೆಯ ದಿನದ ಚೆಹಲುಮ್ ನಮಗೆ ಪರಿಚಿತವೇ. ವಿಧವೆಗೆ ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್ ಉಂಟು. ನಮಾಜಿಗೆ ಮಾತ್ರ ಶೋಕವು ತಡೆಯಲ್ಲ. ಯೆಹೂದ್ಯರ ಪದ್ಧತಿಯು ಇನ್ನೂ ವಿಚಾರಾರ್ಹವಾಗಿದೆ. ಏಳು ದಿನ ಮನೆಯಲ್ಲಿ ನೆಲಕ್ಕೆ ಸಮೀಪವಾಗಿ ಕೂಡುವರು, ಮೂವತ್ತು ದಿನ ಕೆಲವು ನಿಯಮ. ತಂದೆತಾಯಿಗಳಿಗಾದರೆ ನಮ್ಮಂತೆಯೇ ಹನ್ನೆರಡು ತಿಂಗಳು. ಆದರೆ ಆ ಅವಧಿಯಲ್ಲಿ ಮಗನು ಹನ್ನೊಂದು ತಿಂಗಳು ದಿನವೂ ಪ್ರಾರ್ಥನಾಮಂದಿರಕ್ಕೆ ಹೋಗಿ ಕಡ್ಡಿಶ್ ಎಂಬ ಸ್ತೋತ್ರವನ್ನು ಹೇಳಬೇಕು. ಕೂಡ ಹತ್ತು ಜನರಿಲ್ಲದೆ ಅದನ್ನು ಹೇಳುವಂತಿಲ್ಲ. ಅದೇ ವರ್ಷ, ಅದೇ ಮಗ. ಒಬ್ಬನನ್ನು ದೇವಾಲಯದಿಂದ ದೂರವಿಟ್ಟರು, ಒಬ್ಬನನ್ನು ಒಳಗೆ ಕರೆದರು.

ದೂರವಿಡುವುದರಲ್ಲಿಯೂ ಕರುಣೆಯಿಲ್ಲವೆಂದು ನಾನು ಹೇಳಲಾರೆ. ಹತ್ತು ದಿನ ಯಾರೂ ಏನನ್ನೂ ಕೇಳದಂತೆ, ಹಬ್ಬವೆನ್ನದೆ, ಪೂಜೆಯೆನ್ನದೆ ಒಂದು ಮೂಲೆಯಲ್ಲಿ ಕೂಡಲು ಬಿಟ್ಟುದು ಎಷ್ಟೋ ಜನರಿಗೆ ಆಸರೆಯಾಗಿದೆ. ತಾಯಿಯವರಿಗಾಗಿ ಕುಳಿತ ಆ ಹತ್ತು ದಿನಗಳು ನನಗೂ ಆಗಿದ್ದವು. ಗುಡಿಯ ಗದ್ದಲವು ಬೇಡವೆನಿಸುವ ಮನೆಯವರು ಆರು ತಿಂಗಳು ಹೋಗದಿದ್ದರೂ ಅವರನ್ನು ಯಾರೂ ಎಳೆಯಬೇಕಾಗಿಲ್ಲ. ನನ್ನನ್ನು ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು: ಸ್ಮಾರ್ತ ಪದ್ಧತಿಯವರಾದರೆ ಹತ್ತು ದಿನ ನಡೆಸಿ, ಹನ್ನೆರಡನೆಯ ದಿನದ ಕ್ರಿಯೆ ಮುಗಿದ ಮೇಲೆ ಊರ ದೇವರ ದರ್ಶನಕ್ಕೆ ಹೋಗಲು ನಮ್ಮ ಪ್ರಮಾಣಗ್ರಂಥದಲ್ಲಿ ಅಡ್ಡಿ ಕಾಣುವುದಿಲ್ಲ, ಯಾತ್ರೆ, ಹರಕೆ, ಮಂಗಳಕಾರ್ಯಗಳನ್ನು ವರ್ಷ ಮುಂದಕ್ಕೆ ಹಾಕುವುದು ನಿಬಂಧಗಳ ದಾರಿ, ಕುಲಾಚಾರವು ಬೇರೆ ಇದ್ದರೆ ಅದು ಆ ಕುಲದವರಿಗೆ ಬಿಟ್ಟದ್ದು. ವಯಸ್ಸಾದವರು ಕೇಳಿದರೆ, ವರ್ಷವೆಂದು ಹೇಳುವ ಮೊದಲು ಅವರ ವಯಸ್ಸನ್ನು ನೋಡಬೇಕು.

ತಾಯಿಯವರ ಹದಿಮೂರನೆಯ ದಿನ ಸೋಮವಾರವಾಗಿರಲಿಲ್ಲ, ಗುರುವಾರವಾಗಿತ್ತು. ಊಟಕ್ಕೆ ಬಂದವರು ಹೊರಟುಹೋದ ಮೇಲೆ ನಾನು ಪಾಪನಾಶಕ್ಕೆ ಹೋದೆನು. ವರ್ಷದ ಮಾತನ್ನು ಹೇಳಿದ್ದ ಆ ಹಿರಿಯರು, ತಾವೂ ಬರುವುದಾಗಿ ಹೇಳಿ, ಮೆಲ್ಲಗೆ ಕೋಲೂರಿಕೊಂಡು ನನ್ನ ಜತೆಗೆ ಬಂದರು. ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ.